ಕಲಾದಗಿಯ ಕಲ್ಲು

ಅರಿಯಲೂರು, ತಿರುಚಿನಾಪಳ್ಳಿ ಜಿಲ್ಲೆ
೧೨ ಮಾರ್ಚ್ ೧೯೬೧

ಜಯಶೀಲಾ ಅವರಿಗೆ,

ಆರು ವರ್ಷಗಳ ಮೇಲೆ ನನ್ನ ಅಕ್ಷರ ಕಂಡು ಈ ಕಾಗದವನ್ನು ನೀವು ಒಡೆಯದೆಯೇ ಒಲೆಗೆ ಹಾಕಿದರೂ ನಾನು ತಪ್ಪೆನ್ನಲಾರೆ. ಒಡೆದಿದ್ದರೆ ದಯವಿಟ್ಟು ಕೊನೆಯವರೆಗೆ ಓದಿ.

ಪ್ರೊಫೆಸರ್ ಗಂಗಾಧರಯ್ಯನವರು ಹೋದ ವಾರ ಇಲ್ಲಿಗೆ ಬಂದಿದ್ದರು. ನಾನು ಈಗಲೂ ಅವರ ಕೈಕೆಳಗೇ ಇದ್ದೇನೆ. ಮೂರು ವರ್ಷದಿಂದ ಈ ಊರಿನ ಸುತ್ತಲಿನ ಸುಣ್ಣಗಲ್ಲಿನಲ್ಲಿ ಪಳೆಯುಳಿಕೆ ಆರಿಸುವುದು ನನ್ನ ಕೆಲಸ. ಅವರ ಕೈಯಲ್ಲಿ ಒಂದು ವಿದೇಶಿ ಪತ್ರಿಕೆ ಇತ್ತು. ದಕ್ಷಿಣ ಆಸ್ಟ್ರೇಲಿಯಾದ ಗುಡ್ಡವೊಂದರ ಮರಳುಗಲ್ಲಿನಲ್ಲಿ ಮೆತ್ತನೆಯ ಮೈಯ ಪ್ರಾಣಿಗಳ ಅಚ್ಚು ಸಿಕ್ಕಿದೆ. ಚಿಪ್ಪಿಲ್ಲ, ಮೂಳೆಯಿಲ್ಲ. ಕೆಲವು ಬಿಲ್ಲೆಯಂತೆ ದುಂಡಗೆ, ಕೆಲವು ಗರಿಯಂತೆ. ಕೇಂಬ್ರಿಯನ್ ಕಾಲಕ್ಕಿಂತ, ಎಂದರೆ ಅರವತ್ತು ಕೋಟಿ ವರ್ಷಗಳಿಗಿಂತ ಹಳೆಯವು ಎಂದು ಈಗ ಎಲ್ಲರೂ ಒಪ್ಪಿದ್ದಾರೆ.

ಆ ದುಂಡನೆಯ ಚಿತ್ರದ ಮೇಲೆ ಬೆರಳಿಟ್ಟು ಪ್ರೊಫೆಸರು ಕೇಳಿದರು: "ಆ ಹುಡುಗಿ ಬಾಗಲಕೋಟೆ ಕಡೆಯಿಂದ ತಂದಿದ್ಲಲ್ಲ ಒಂದು ಕಲ್ಲು, ಅದೆಲ್ಲಿ?"

ನನಗೆ ಗೊತ್ತಿಲ್ಲ ಎಂದೆ. ಗೊತ್ತಿದೆ. ನೀವು ಅದನ್ನು ಎಸೆದಿರುವುದಿಲ್ಲ.

ಅದು ಭಾರತದ ಅತಿ ಪ್ರಾಚೀನ ಪ್ರಾಣಿ ಎಂದು ನವೆಂಬರಿನಲ್ಲಿ ಮದರಾಸಿನ ಭೂವಿಜ್ಞಾನಿಗಳ ಸಮಾವೇಶದಲ್ಲಿ ಪ್ರಬಂಧ ಓದುತ್ತಾರೆ. ಹೆಸರು ಅವರೊಬ್ಬರದೇ. ಅವರು ನಿಮ್ಮ ಮನೆ ಹುಡುಕಿಕೊಂಡು ಬರುವ ಮುಂಚೆ ನಿಮಗೆ ತಿಳಿದಿರಲಿ ಎಂದು ಬರೆದೆ.

ವಂದನೆಗಳೊಂದಿಗೆ,
ಮುನಿಲಕ್ಷ್ಮಮ್ಮ


ಜಯನಗರ ಮೂರನೇ ಬ್ಲಾಕ್, ಬೆಂಗಳೂರು-೧೧
೨೦ ಮಾರ್ಚ್ ೧೯೬೧

ಮುನಿಲಕ್ಷ್ಮಿ,

ನನ್ನನ್ನು 'ನೀವು' ಎನ್ನಬೇಡ. ಒಂದೇ ಬೆಂಚಿನಲ್ಲಿ ಕುಳಿತು, ಒಂದೇ ಸುತ್ತಿಗೆ ಹಿಡಿದು ಮೂರು ವರ್ಷ ಓದಿದವರು ನಾವು. ಮರ್ಯಾದೆ ಕೊಟ್ಟು ದೂರ ಇಡುವ ಉಪಾಯ ನನಗೂ ಗೊತ್ತು.

ಆ ದಿನ ನಿನಗೆ ಎಷ್ಟು ನೆನಪಿದೆಯೋ ತಿಳಿಯದು. ನನಗೆ ಎಲ್ಲ ನೆನಪಿದೆ. ಕಲಾದಗಿಯ ಹತ್ತಿರ ಹಳ್ಳದ ದಂಡೆಯಲ್ಲಿ ಆ ಕಲ್ಲನ್ನು ನಾನು ಎತ್ತಿದಾಗ ಪಕ್ಕದಲ್ಲಿದ್ದವಳು ನೀನು. ಅಂಗೈ ಅಗಲದ ಬಿಲ್ಲೆ, ಒಂದರೊಳಗೊಂದು ನಾಲ್ಕು ಉಂಗುರ, ನಡುವಿನಿಂದ ಹೊರಟ ಗೆರೆಗಳು. "ಜಯಾ, ಇದು ಯಾವುದೋ ಜೀವ ಕಣೇ" ಎಂದು ಮೊದಲು ಅಂದವಳೂ ನೀನೇ. ಎರಡು ತಿಂಗಳ ಮೇಲೆ ಸೆಮಿನಾರಿನಲ್ಲಿ ಅದನ್ನು ಮೇಜಿನ ಮೇಲಿಟ್ಟು ಮಾತಾಡಿದಾಗ ಗಂಗಾಧರಯ್ಯನವರು ಕಲ್ಲನ್ನು ಕೈಗೆ ಕೂಡ ತೆಗೆದುಕೊಳ್ಳಲಿಲ್ಲ. "ಮೊದಲನೇ ಪಾಠ ಇನ್ನೊಂದ್ಸಲ ಓದ್ಕೊಂಡು ಬಾಮ್ಮ. ಆ ಕಾಲದಲ್ಲಿ ಪ್ರಾಣಿ ಇರ್ಲಿಲ್ಲ. ನಿನ್ ಕಲ್ಲಿನ ಮೇಲೆ ಯಾರೋ ದೋಸೆ ಹುಯ್ದಿದಾರೆ" ಎಂದರು. ಇಡೀ ತರಗತಿ ನಕ್ಕಿತು.

"ನಿನ್ನ ಜೊತೆ ಇನ್ಯಾರು ನೋಡಿದ್ರು?" ಎಂದು ಕೇಳಿದರು. ನಾನು ನಿನ್ನ ಕಡೆ ನೋಡಿದೆ. ನೀನು ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದೆ.

ಮುಂದಿನ ತಿಂಗಳು ಅವರ ಕೈಕೆಳಗಿನ ಡೆಮಾನ್‌ಸ್ಟ್ರೇಟರ್ ಕೆಲಸ ನಿನಗಾಯಿತು. ನಾನು ಪರೀಕ್ಷೆ ಮುಗಿಸಿ ಆ ಕಟ್ಟಡದ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಇಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳು ಚೆನ್ನಾಗಿದ್ದಾರೆ.

ಪ್ರೊಫೆಸರಿಗೆ ಹೇಳು. ಭಾರತದ ಅತಿ ಪ್ರಾಚೀನ ಪ್ರಾಣಿ ಸದ್ಯಕ್ಕೆ ನಮ್ಮ ಮಹಡಿಯ ಮೇಲೆ, ಅಮ್ಮನ ಹಪ್ಪಳದ ಪಂಚೆ ಹಾರಿಹೋಗದಂತೆ ಕೂತಿದೆ. ಬೇಕಾದರೆ ಬಂದು ಕೇಳಲಿ. ಕೊಡುವುದಿಲ್ಲ.

ಜಯಶೀಲಾ


ಅರಿಯಲೂರು
೯ ಏಪ್ರಿಲ್ ೧೯೬೧

ಜಯಾ,

ನಾನು ನೋಟ್‌ಬುಕ್ಕಿನಲ್ಲಿ ಏನೂ ಬರೆಯುತ್ತಿರಲಿಲ್ಲ. ಪೆನ್ನು ಓಡಾಡುತ್ತಿತ್ತು ಅಷ್ಟೆ.

ನೀನು ಕೇಳದ ಒಂದು ವಿಷಯ ಹೇಳುತ್ತೇನೆ. ಅದೇ ಬೆಳಿಗ್ಗೆ ಪ್ರೊಫೆಸರು ನನ್ನನ್ನು ಕೋಣೆಗೆ ಕರೆದು, ಆ ಕೆಲಸಕ್ಕೆ ನನ್ನ ಹೆಸರು ಬರೆದಿದ್ದೇನೆ ಎಂದಿದ್ದರು. ಆ ವರ್ಷವೇ ಮಳೆ ಕೈಕೊಟ್ಟು ಇಟ್ಟಮಡುವಿನ ನಮ್ಮ ಹೊಲದಲ್ಲಿ ಅರ್ಧ ಸಾಲಕ್ಕೆ ಹೋಗಿ, ಅಪ್ಪ ಬಂಡೆ ಒಡೆಯುವ ಕೆಲಸಕ್ಕೆ ಇಳಿದಿದ್ದರು. ನಮ್ಮೂರಿನಲ್ಲಿ ಕಾಲೇಜಿಗೆ ಹೋದ ಮೊದಲ ಹೆಣ್ಣು ನಾನು. ಹೋಗಿ ಏನು ಮಾಡಿದಳು ಎಂದು ಊರೆಲ್ಲ ಕಾಯುತ್ತಿತ್ತು. ಸಿಟ್ಟು ಮಾಡಿಕೊಂಡು ಎದ್ದುಹೋಗುವ ಅನುಕೂಲ ನಿನಗಿತ್ತು ಜಯಾ. ನನಗಿರಲಿಲ್ಲ. ಇದು ಕ್ಷಮೆ ಕೇಳುವುದಲ್ಲ. ಕ್ಷಮೆಯನ್ನು ಬೇರೆಯಾಗಿಯೇ ಕೇಳಬೇಕು, ಅದಕ್ಕೆ ನನಗಿನ್ನೂ ಧೈರ್ಯ ಬಂದಿಲ್ಲ.

ಇಲ್ಲಿಯ ಕೆಲಸದ ಬಗ್ಗೆ ಹೇಳಲೇ? ನಿನಗೊಬ್ಬಳಿಗೆ ಅರ್ಥವಾಗುತ್ತದೆ. ಈ ಊರು ಒಂದು ಕಾಲಕ್ಕೆ ಸಮುದ್ರದ ತಳ. ಕೆಳಗಿನ ಪದರಗಳಲ್ಲಿ ಎಲ್ಲಿ ಸುತ್ತಿಗೆ ಇಟ್ಟರೂ ಅಮೋನೈಟ್, ಟಗರಿನ ಕೊಂಬಿನ ಹಾಗೆ ಸುರುಳಿ ಸುತ್ತಿದ ಚಿಪ್ಪು. ಒಂದು ನನ್ನ ಉಗುರಿನಷ್ಟು, ಇನ್ನೊಂದು ಗಾಡಿಚಕ್ರದಷ್ಟು. ಹಳ್ಳದ ದಂಡೆಯಲ್ಲಿ ಮೇಲೆ ಮೇಲೆ ಹತ್ತುತ್ತ ಹೋದರೆ ಒಂದು ಮರಳಿನ ಪಟ್ಟಿ ಬರುತ್ತದೆ. ಅದನ್ನು ದಾಟಿದರೆ ಮತ್ತೆ ಸಮುದ್ರದ ಸುಣ್ಣಗಲ್ಲು, ಮತ್ತೆ ಕಪ್ಪೆಚಿಪ್ಪು. ಅಮೋನೈಟ್ ಮಾತ್ರ ಒಂದೂ ಇಲ್ಲ. ಅವುಗಳ ದೂರದ ನೆಂಟ ನಾಟಿಲಸ್ ಇದೆ, ಇಂದಿಗೂ ಸಮುದ್ರದಲ್ಲಿದೆ. ಅಮೋನೈಟುಗಳು ಮೂವತ್ತು ಕೋಟಿ ವರ್ಷಕ್ಕೂ ಹೆಚ್ಚು ಬದುಕಿ, ಏಳು ಕೋಟಿ ವರ್ಷದ ಹಿಂದೆ ಲೋಕದ ಎಲ್ಲ ಕಡೆಯೂ ಮುಗಿದವು. ಆ ಪಟ್ಟಿಯ ಮೇಲೆ ಒಂದು ಕಾಲು, ಕೆಳಗೊಂದು ಕಾಲು ಇಟ್ಟು ದಿನಾ ಒಂದು ಸಲವಾದರೂ ನಿಲ್ಲುತ್ತೇನೆ.

ಪ್ರೊಫೆಸರು ಹೇಳುವುದು: ಒಂದು ಕುಲಕ್ಕೂ ಮುಪ್ಪು ಬರುತ್ತದೆ, ಅಮೋನೈಟುಗಳು ಮುದಿಯಾಗಿ, ಚಿಪ್ಪು ವಿಕಾರವಾಗಿ, ಶಕ್ತಿಗುಂದಿ ತಾವಾಗಿ ಹೋದವು. ಪುಸ್ತಕದಲ್ಲೂ ಹಾಗೇ ಇದೆ. ಕಣ್ಣೆದುರಿನ ಕಲ್ಲು ಬೇರೆ ಹೇಳುತ್ತಿದೆ ಎಂದು ನನಗೆ ಗುಮಾನಿ. ಇನ್ನೂ ಎಣಿಸುತ್ತಿದ್ದೇನೆ.

ಮುನಿ


ಜಯನಗರ
೨೮ ಮೇ ೧೯೬೧

ಮುನಿ,

ಬಂದಿದ್ದರು. ಶನಿವಾರ ಬೆಳಿಗ್ಗೆ ಮನೆಯೆದುರು ಕಾರು ನಿಂತಾಗ ಅಮ್ಮ ಯಾರೋ ಹೆಣ್ಣು ನೋಡಲು ಬಂದರೆಂದು ಸೀರೆ ಬದಲಾಯಿಸಲು ಒಳಗೆ ಓಡಿದರು.

ಪ್ರೊಫೆಸರು ಬಹಳ ನಯವಾಗಿ ಮಾತಾಡಿದರು. "ಅವತ್ತು ಸ್ವಲ್ಪ ತಮಾಷೆ ಮಾಡ್ದೆ, ಮನಸ್ಸಿಗೆ ಹಚ್ಕೊಂಡ್ಬಿಟ್ಟೆ ನೀನು" ಎಂದರು. ಪ್ರಬಂಧದ ಕೊನೆಯಲ್ಲಿ ಕೃತಜ್ಞತೆಯಲ್ಲಿ ನನ್ನ ಹೆಸರು ಇರುತ್ತದಂತೆ. ಜುಲೈಯಿಂದ ಇಲಾಖೆಯಲ್ಲಿ ಒಂದು ಸಂಶೋಧನಾ ಸಹಾಯಕರ ಜಾಗ ಖಾಲಿಯಿದೆಯಂತೆ.

"ಕಂಡುಹಿಡಿದದ್ದು ನಾನು ಸಾರ್" ಎಂದೆ.

"ಎತ್ಕೊಂಡದ್ದು ನೀನು. ಕಂಡುಹಿಡಿಯೋದು ಅಂದ್ರೆ ಬೇರೆ. ಅದು ಏನು ಅಂತ ಜಗತ್ತಿಗೆ ಹೇಳೋರು ಬೇಕಲ್ಲ."

"ಆರು ವರ್ಷದ ಹಿಂದೇನೇ ಹೇಳಿದ್ನಲ್ಲ ಸಾರ್. ನೀವು ದೋಸೆ ಅಂದ್ರಿ."

ಅವರು ಕಾಫಿ ಲೋಟ ಕೆಳಗಿಟ್ಟರು. ಆ ಲೋಟ ಕೆಳಗಿಟ್ಟ ಸದ್ದಿಗಾಗಿ ಆರು ವರ್ಷ ಕಾದಿದ್ದೆ ಎಂದು ನನಗೆ ಆಗ ತಿಳಿಯಿತು. ಯೋಚಿಸಲು ಎರಡು ತಿಂಗಳು ಬೇಕೆಂದೆ. ಆ ಪತ್ರಿಕೆಯನ್ನು ಬಿಟ್ಟುಹೋದರು.

ಈಗ ನಿನಗೊಬ್ಬಳಿಗೇ ಹೇಳುವ ಮಾತು. ಅವರು ಹೋದಮೇಲೆ ಪತ್ರಿಕೆಯನ್ನೂ ಕಲ್ಲನ್ನೂ ಕಿಟಕಿಯ ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟೆ. ಗೆದ್ದೆ ಎಂಬ ಹುಮ್ಮಸ್ಸಿನಲ್ಲಿ ನೋಡಲು ಕೂತವಳು ನಾನು. ಆಸ್ಟ್ರೇಲಿಯಾದ ಅಚ್ಚುಗಳ ಅಂಚು ಮೆತ್ತಗಿದೆ, ಮೈ ಮಡಿಸಿಕೊಂಡಿದೆ, ಒಂದು ಇನ್ನೊಂದರ ಮೇಲೆ ಬಿದ್ದಿದೆ, ಸತ್ತು ಬಿದ್ದದ್ದು ಹೇಗೆ ಬೀಳುತ್ತದೋ ಹಾಗೆ. ನನ್ನದು ಬಹಳ ನೀಟಾಗಿದೆ ಮುನಿ. ನಡುವೆ ಒಂದು ಚಿಕ್ಕ ಕುಳಿಯಿದೆ. ಅನ್ನ ಕುದಿದು ಇಂಗಿದಮೇಲೆ ಪಾತ್ರೆಯಲ್ಲಿ ಮೇಲೆ ಉಳಿಯುವ ತೂತು ನೋಡಿದ್ದೀಯಲ್ಲ, ಅಂಥದು.

ಕೆಸರಿನ ಅಡಿಯಿಂದ ಗಾಳಿಯೋ ನೀರೋ ಮೇಲೆ ನುಗ್ಗಿದ್ದರೂ ಇಂಥದೇ ಗುರುತು ಬೀಳುತ್ತದೆ. ಯಾವುದೆಂದು ತಿಳಿಯಲು ಒಂದೇ ದಾರಿ. ಬಿಲ್ಲೆಯ ನಡುವೆ ನೇರವಾಗಿ ಸೀಳಬೇಕು. ಪ್ರಾಣಿಯಾಗಿದ್ದರೆ ಅಚ್ಚಿನ ಕೆಳಗಿನ ಪದರಗಳು ಅಲುಗದೆ ಮಲಗಿರುತ್ತವೆ. ಗಾಳಿಯಾಗಿದ್ದರೆ ಅದು ಬಂದ ಕೊಳವೆ ಕೆಳಗಿನವರೆಗೆ ಕಾಣುತ್ತದೆ.

ಇರುವುದೊಂದೇ ಕಲ್ಲು. ಸೀಳದಿದ್ದರೆ ಅದು ಯಾವತ್ತೂ ಪ್ರಾಣಿಯಾಗಿಯೇ ಇರಬಹುದು.

ಜಯಾ


ಅರಿಯಲೂರು
೫ ಜೂನ್ ೧೯೬೧

ಜಯಾ,

ಇಟ್ಟಮಡುವಿಗೆ ಹೋಗು. ಅಪ್ಪನ ಹೆಸರು ಚಿಕ್ಕಬೈರಪ್ಪ, ಯಾರನ್ನು ಕೇಳಿದರೂ ಮನೆ ತೋರಿಸುತ್ತಾರೆ. ಎಲ್ಲಿ ಗೆರೆ ಎಳೆದು ಕೊಟ್ಟರೆ ಅಲ್ಲೇ ಒಡೆಯುತ್ತಾರೆ, ಒಂದು ಕೂದಲೆಳೆ ಆಚೀಚೆ ಆಗುವುದಿಲ್ಲ. ನನ್ನ ಸ್ನೇಹಿತೆ ಎಂದು ಹೇಳು. ಅಥವಾ ನಿನಗೆ ಸರಿಕಂಡದ್ದು ಹೇಳು.

ಮುನಿ


ಜಯನಗರ
೧೬ ಜುಲೈ ೧೯೬೧

ಮುನಿ,

ಹೋಗಿ ಬಂದೆ. ಹೋಗಲು ಧೈರ್ಯ ಬರುವುದಕ್ಕೆ ಒಂದು ತಿಂಗಳು ಹಿಡಿಯಿತು.

ಬನಶಂಕರಿ ಗುಡಿಯ ಹತ್ತಿರ ಬಸ್ಸು ಇಳಿದು, ರಾಗಿ ಹೊಲಗಳ ನಡುವಿನ ಗಾಡಿಹಾದಿಯಲ್ಲಿ, ಚೀಲದಲ್ಲಿ ಕಲ್ಲು ಹೊತ್ತು ನಡೆದೆ. ನಿಮ್ಮ ತಾಯಿ ಸೊಣ್ಣಮ್ಮನವರು ಬಾಗಿಲಲ್ಲಿದ್ದರು. ಹೆಸರು ಹೇಳಿದ ತಕ್ಷಣ, "ಜಯನಗರದ ಜಯಮ್ಮಾರಾ" ಎಂದರು. ನಿನ್ನ ಮಾತಿನಲ್ಲಿ ನಾನು ಆ ಮನೆಗೆ ಎಷ್ಟು ಸಲ ಹೋಗಿಬಂದಿದ್ದೆನೋ. ಆಮೇಲೆ ಬಹಳ ಸಂಕೋಚದಿಂದ ಕೇಳಿದರು: "ಬಿಸ್ಲಲ್ ಬಂದಿದೀರಿ. ನಮ್ಮನೇಲಿ ನೀರು ಕುಡೀತೀರಾ, ಇಲ್ಲ ಎಳನೀರು ಕೆಡವ್ಸಲಾ?"

ಆಗ ನನಗೆ ಹೊಳೆದದ್ದನ್ನು ಬರೆಯಲು ನಾಚಿಕೆಯಾಗುತ್ತದೆ. ಮೂರು ವರ್ಷ ನೀನು ನಮ್ಮ ಮನೆಗೆ ಬಂದೆ. ಒಂದು ದಿನವೂ ವರಾಂಡ ದಾಟಲಿಲ್ಲ. ನಿನಗೆ ಕಾಫಿ ಬರುತ್ತಿದ್ದ ಲೋಟ ಬೇರೆ. ನಾನು ಅದನ್ನು ನೋಡುತ್ತಲೇ ಇದ್ದೆ, ಗಮನಿಸಿರಲಿಲ್ಲ. ಕಲ್ಲಿನ ಮೇಲಿನ ಉಂಗುರ ಎಣಿಸುವ ಕಣ್ಣು ನನ್ನದು.

ನೀರು ಕುಡಿದೆ. ಮುದ್ದೆ, ಹುರುಳಿಕಾಳು ಸಾರು ಉಂಡೆ. ಮುದ್ದೆ ಅಗಿದದ್ದಕ್ಕೆ ನಿಮ್ಮ ತಾಯಿ ನಕ್ಕರು.

ಊಟವಾದ ಮೇಲೆ ನಿನ್ನ ಅಪ್ಪ ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಬೆರಳಾಡಿಸಿದರು.

"ಇದೇನು ತಾಯಿ, ಚಕ್ಲಿ ಇದ್ದಂಗೈತೆ."

"ಪ್ರಾಣಿ ಇರಬಹುದು ಅಂತ ಅಂದ್ಕೊಂಡಿದ್ದೆ. ಅಲ್ಲ ಅಂತಾನೂ ಅನ್ಸುತ್ತೆ. ಒಡೆದು ನೋಡ್ಬೇಕು."

"ಒಡದ್ಬುಟ್ರೆ ಮತ್ತೆ ಸೇರಲ್ಲ ಕಣಮ್ಮ."

"ಗೊತ್ತು."

"ಒಳಗೆ ನೀವು ಅಂದ್ಕೊಂಡಿದ್ದು ಇಲ್ದಿದ್ರೆ?"

"ಇಲ್ಲ ಅಂತ ಗೊತ್ತಾಗುತ್ತಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ, "ನಮ್ಮ ಮುನೀನೂ ಇಂಗೇ ಮಾತಾಡ್ತಾಳೆ" ಎಂದು ಉಳಿ ತಂದರು. ಗೆರೆಯುದ್ದಕ್ಕೂ ಸಣ್ಣ ಸಣ್ಣ ಗುಳಿ ಹೊಡೆದರು. ಒಂದೊಂದು ಪೆಟ್ಟಿಗೂ ಕಿವಿಗೊಟ್ಟು ಕೇಳುತ್ತಿದ್ದರು. ನಾನು ಬೇರೆ ಕಡೆ ತಿರುಗಿ ನಿಂತೆ. ಕಡೆಯ ಪೆಟ್ಟಿನ ಸದ್ದು ಬೇರೆಯಾಗಿತ್ತು. ತಿರುಗಿದಾಗ ಎರಡು ತುಂಡು ಅವರ ಎರಡು ಅಂಗೈಯಲ್ಲಿದ್ದವು.

ಒಡೆದ ಮುಖವನ್ನು ಚಪ್ಪಡಿಯ ಮೇಲೆ ಮರಳು ನೀರು ಹಾಕಿ ನಾವಿಬ್ಬರೂ ಮಧ್ಯಾಹ್ನವೆಲ್ಲ ಉಜ್ಜಿದೆವು. ನೀರಿನಲ್ಲಿ ತೊಳೆದಾಗ ಕಾಣಿಸಿತು. ನಡುವಿನ ಕುಳಿಯಿಂದ ನೇರ ಕೆಳಕ್ಕೆ ಒಂದು ಕೊಳವೆ, ಪೆನ್ಸಿಲಿನಷ್ಟು ದಪ್ಪ, ಬಿಳಿ ಮರಳು ತುಂಬಿದೆ. ಐದು ಪದರಗಳನ್ನು ಸೀಳಿಕೊಂಡು ಬಂದಿದೆ. ಎರಡೂ ಕಡೆಯ ಪದರಗಳು ಮೇಲಕ್ಕೆ ಬಾಗಿವೆ. ಅನುಮಾನವೇ ಇಲ್ಲ. ಅದು ಪ್ರಾಣಿಯಲ್ಲ ಮುನಿ. ಯಾವುದೋ ಕಾಲದ ಕೆಸರು ಒಂದು ಸಲ ಉಸಿರು ಬಿಟ್ಟ ಗುರುತು.

ಅಳು ಬಂತು. ನಿನ್ನ ಅಪ್ಪ ಉಳಿ ಒರೆಸುತ್ತ ಕುಳಿತಿದ್ದರು.

ಮರುದಿನ ಎರಡು ತುಂಡನ್ನೂ ತೆಗೆದುಕೊಂಡು ಪ್ರೊಫೆಸರ ಮನೆಗೆ ನಾನೇ ಹೋದೆ. ಅವರು ಮಸೂರ ಹಿಡಿದು ನೋಡಿದರು. ಅವರಿಗೆ ಅರ್ಥವಾಯಿತು, ಅದು ಮುಖದಲ್ಲೇ ಕಂಡಿತು.

"ಇದನ್ನ ಯಾಕೆ ಒಡೆದೆ?"

"ನೋಡೋದಕ್ಕೆ."

"ಎರಡೂ ಸೇರ್ಸಿ ಅಂಟಿಸಿದ್ರೆ ಆಯ್ತು. ನಂಗೆ ಮೇಲ್ಮುಖದ ಫೋಟೋ ಸಾಕು. ಐವತ್ತೈದರಲ್ಲಿ ಇಲಾಖೆಯವರು ತೆಗೆದದ್ದೂ ಇದೆ."

"ಒಳಗೆ ಕೊಳವೆ ಇದೆ ಸಾರ್."

"ನೀನು ಕೊಳವೆ ಅಂತೀಯ. ಇನ್ನೊಬ್ಬರು ಬೇರು ಅನ್ಬಹುದು."

"ಆ ಕಾಲದಲ್ಲಿ ಬೇರು ಬಿಡೋ ಗಿಡಾನೇ ಇರ್ಲಿಲ್ಲ ಸಾರ್. ಮೊದಲನೇ ಪಾಠದಲ್ಲೇ ಇದೆ."

ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ಬಂದೆ. ಆರು ವರ್ಷದ ಹಿಂದೆ ಅವರು ಅಂದದ್ದೇ ಸರಿಯಾಗಿತ್ತು, ಅದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಿಲ್ಲ. ಅವರು ನೋಡದೆ ಹೇಳಿದರು. ನಾನು ನೋಡಿ ಹೇಳುತ್ತಿದ್ದೇನೆ. ಈಗ ಅವರು ನೋಡಿಯೂ ಹೇಳುವುದಿಲ್ಲ ಎನ್ನುತ್ತಿದ್ದಾರೆ.

ಕೆಲಸದ ಮಾತು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಜಯಾ


ಜಯನಗರ
೩ ಸೆಪ್ಟೆಂಬರ್ ೧೯೬೧

ಮುನಿ,

ಏಳು ವಾರವಾಯಿತು, ನಿನ್ನಿಂದ ಒಂದು ಕಾರ್ಡೂ ಇಲ್ಲ. ನಿನ್ನ ಊರಿಗೆ ಎರಡು ಸಲ ಹೋಗಿದ್ದೆ. ಮನೆಯವರಿಗೂ ನೀನು ಬರೆದಿಲ್ಲವಂತೆ.

ನೀನು ಮತ್ತೆ ನೋಟ್‌ಬುಕ್ಕಿನ ಮೇಲೆ ಪೆನ್ನು ಓಡಿಸುತ್ತಿದ್ದೀಯಾ?

ಜಯಾ


ಅರಿಯಲೂರು
೨ ಅಕ್ಟೋಬರ್ ೧೯೬೧

ಜಯಾ,

ಹೌದು. ಆದರೆ ಈ ಸಲ ನಿಜವಾಗಿ ಬರೆಯುತ್ತಿದ್ದೆ.

ಮರಳಿನ ಪಟ್ಟಿಯ ಕೆಳಗೆ, ಅಮೋನೈಟುಗಳು ಸಿಗುವ ಕಡೆಯ ಪದರವನ್ನು ಒಂದು ಅಂಗುಲ ಬಿಡದೆ ಜರಡಿಯಾಡಿದೆ. ಮುದಿಯಾಗಿ ಶಕ್ತಿಗುಂದಿ ಹೋದವು ಎನ್ನುತ್ತಾರಲ್ಲ, ಅಲ್ಲಿ ಏನಿದೆ ಗೊತ್ತೇ? ಮರಿಗಳು. ಕಡಲೆಕಾಳಿನಷ್ಟು, ಅದಕ್ಕಿಂತ ಚಿಕ್ಕವು, ನೂರಾರು. ಪಕ್ಕದಲ್ಲಿ ದೊಡ್ಡವು, ಚಿಪ್ಪಿನಲ್ಲಿ ಒಂದು ಕುಂದಿಲ್ಲ. ಕೆಳಗಿನ ಪದರಗಳಲ್ಲಿ ಎಷ್ಟು ಬಗೆಯಿತ್ತೋ ಇಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಬಗೆ. ಮರಳಿನ ಪಟ್ಟಿ ಎಷ್ಟು ಕಾಲದ್ದೆಂದು ನನಗೆ ತಿಳಿಯದು, ಆದ್ದರಿಂದ ಒಂದೇ ಏಟಿಗೆ ಹೋದವೆಂದು ನಾನು ಹೇಳಲಾರೆ. ಏಕೆ ಹೋದವೆಂದೂ ತಿಳಿಯದು. ಇಷ್ಟು ಮಾತ್ರ ಹೇಳಬಲ್ಲೆ: ಇಲ್ಲಿ ಅವು ಸಾಯಲು ಸಿದ್ಧವಾಗಿರಲಿಲ್ಲ. ಮಕ್ಕಳು ಮರಿ ಮಾಡಿಕೊಂಡು ಬದುಕುತ್ತಿದ್ದವು. ಹೊರಗಿನಿಂದ ಏನೋ ಬಂದೆರಗಿತು.

ಹೋದವರನ್ನು ನೋಡಿ 'ಅವರದೇ ದೋಷ, ಕೈಲಾಗದೆ ಹೋದರು' ಎನ್ನುವುದು ಉಳಿದವರಿಗೆ ಬಹಳ ಸುಲಭ ಜಯಾ. ನಮ್ಮ ಹೊಲದ ಬಗ್ಗೆಯೂ ಜನ ಹಾಗೇ ಅಂದರು.

ಇದನ್ನು ಬರೆದು ಪ್ರೊಫೆಸರಿಗೆ ಕಳಿಸಿದೆ. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ 'ಅಸಂಬದ್ಧ, ತಿದ್ದುವುದು' ಎಂದು ಬರೆದು ವಾಪಸು ಕಳಿಸಿದರು. ಜೊತೆಗೆ ಇನ್ನೊಂದು ಹಾಳೆ ಬಂತು. ಟೈಪು ಮಾಡಿದ ಹೇಳಿಕೆ: ೧೯೫೫ರ ಜನವರಿಯಲ್ಲಿ ಕಲಾದಗಿಯಲ್ಲಿ ಪ್ರೊಫೆಸರ್ ಗಂಗಾಧರಯ್ಯನವರು ಸ್ಥಳದಲ್ಲಿದ್ದು ಆ ಪಳೆಯುಳಿಕೆಯನ್ನು ಗುರುತಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೆಳಗೆ ನನ್ನ ಸಹಿಗೆ ಜಾಗ. ಅವರು ಆ ದಿನ ಬಾಗಲಕೋಟೆಯ ಪ್ರವಾಸಿ ಬಂಗಲೆಯಲ್ಲಿ ಜ್ವರ ಬಂದು ಮಲಗಿದ್ದರು. ನಾವಿಬ್ಬರೇ ಇದ್ದದ್ದು.

ಹಾಳೆ ಮೂರು ವಾರದಿಂದ ಮೇಜಿನ ಮೇಲಿದೆ. ಸಹಿ ಹಾಕಿಲ್ಲ. ಹಾಕುವುದಿಲ್ಲ ಎಂದೂ ಬರೆದಿಲ್ಲ. ನಾನು ನನ್ನ ಎಣಿಕೆಯ ಪುಸ್ತಕಗಳ ನಕಲು ಮಾಡುತ್ತಿದ್ದೆ. ಅಸಲು ಅವರ ಇಲಾಖೆಗೆ ಸೇರಿದ್ದು. ನಕಲು ನನ್ನದು. ರಿಜಿಸ್ಟರ್ ಮಾಡಿ ನಿನಗೆ ಕಳಿಸಿದ್ದೇನೆ, ಇಟ್ಟುಕೊಂಡಿರು.

ನವೆಂಬರ್ ಹದಿನೆಂಟಕ್ಕೆ ಮದರಾಸು. ಚಿತ್ರಗಳನ್ನು ಎತ್ತಿ ತೋರಿಸಲು ನಾನು ಅವರ ಜೊತೆ ಹೋಗಬೇಕು. ಕಲ್ಲಿನ ಒಂದು ತುಂಡು ನನಗೆ ಬೇಕು, ಕೊಳವೆ ಚೆನ್ನಾಗಿ ಕಾಣುವ ತುಂಡು. ಅಂಚೆಯಲ್ಲಿ ಹಾಕಬೇಡ.

ಮುನಿ


ಜಯನಗರ
೧೪ ನವೆಂಬರ್ ೧೯೬೧

ಮುನಿ,

ನಾನೇ ಬರುತ್ತಿದ್ದೆ. ಹೆಡ್‌ಮಿಸ್ಟ್ರೆಸ್ ಬಸವಲಿಂಗಮ್ಮನವರು ರಜೆ ಕೊಡಲಿಲ್ಲ. ಕಲ್ಲು ತೋರಿಸುವುದಕ್ಕೆ ರಜೆಯೇ ಎಂದರು.

ತುಂಡು ಬರುತ್ತಿದೆ. ಯಾರು ತರುತ್ತಾರೆಂದು ಹೇಳುವುದಿಲ್ಲ. ಹೇಳಿದರೆ ಬೇಡವೆನ್ನುತ್ತೀ.

ಜಯಾ


ಇಟ್ಟಮಡು
೩ ಡಿಸೆಂಬರ್ ೧೯೬೧

ಜಯಾ,

ಎರಡು ಮೈಲಿ ದೂರದಿಂದ ಕಾಗದ ಬರೆಯುತ್ತಿದ್ದೇನೆ. ಎದುರಿಗೆ ಕುಳಿತು ಹೇಳಲು ಹೋದರೆ ನೀನು ಮಧ್ಯೆ ಬಾಯಿ ಹಾಕುತ್ತೀ.

ಸಭಾಂಗಣದ ಬಾಗಿಲಲ್ಲಿ ಅಪ್ಪ ನಿಂತಿದ್ದರು. ತಲೆಗೆ ಹೊಸ ರುಮಾಲು, ಹಳೆಯ ರುಮಾಲಿನಲ್ಲಿ ಕಲ್ಲಿನ ಗಂಟು. ಕನಕಪುರದಿಂದಾಚೆ ಹೋಗದ ಮನುಷ್ಯ. ಜವಾನ ತಡೆದಿದ್ದ. "ಒಳಗ್ ನನ್ ಮಗ್ಳವ್ಳೆ" ಎಂದು ಅವನಿಗೆ ಕನ್ನಡದಲ್ಲೇ ಹೇಳುತ್ತಿದ್ದರು. ನಾನು ಕೈಹಿಡಿದು ಕರೆದುಕೊಂಡು ಹೋಗಿ ಕಡೆಯ ಸಾಲಿನಲ್ಲಿ ಕೂರಿಸಿದೆ.

ಪ್ರೊಫೆಸರು ಇಪ್ಪತ್ತು ನಿಮಿಷ ಓದಿದರು. ದೊಡ್ಡ ಫೋಟೋಗಳನ್ನು ಒಂದೊಂದಾಗಿ ನಾನೇ ಎತ್ತಿ ಹಿಡಿದೆ. ಓದುವಾಗ ನನ್ನ ಕಡೆ ಕೈ ತೋರಿಸಿ, "ಅಂದು ಸ್ಥಳದಲ್ಲಿದ್ದ ನನ್ನ ಶಿಷ್ಯೆ ಇಲ್ಲೇ ಇದ್ದಾಳೆ" ಎಂದರು. ಸಹಿ ಹಾಕದಿದ್ದುದನ್ನು ನನ್ನ ಸೋಮಾರಿತನ ಎಂದುಕೊಂಡಿದ್ದರು. ನಾನು ಎದುರಾಡಲಾರೆ ಎಂದುಕೊಳ್ಳುವುದು ಆರು ವರ್ಷ ನಾನೇ ಅವರಿಗೆ ಮಾಡಿಸಿದ ಅಭ್ಯಾಸ.

ಚಪ್ಪಾಳೆಯಾಯಿತು. ಪ್ರಶ್ನೆಗಳುಂಟೇ ಎಂದು ಅಧ್ಯಕ್ಷರು ಕೇಳಿದರು. ಫೋಟೋ ಕೆಳಗಿಟ್ಟು, "ನಾನೊಂದು ಮಾತು ಹೇಳಬೇಕು" ಎಂದೆ.

"ಆಮೇಲೆ ಮಾತಾಡೋಣ, ಕೂತ್ಕೊ" ಎಂದರು ಪ್ರೊಫೆಸರು, ಮೆಲ್ಲಗೆ, ಕನ್ನಡದಲ್ಲಿ.

ಕೂರಲಿಲ್ಲ. ಮೇಜಿನ ಅಂಚು ಹಿಡಿದುಕೊಂಡೆ. ಇಂಗ್ಲಿಷಿನಲ್ಲಿ ಹೇಳಿದೆ: ಈ ಕಲ್ಲು ಸಿಕ್ಕಾಗ ಅಲ್ಲಿದ್ದವರು ಇಬ್ಬರೇ. ಕಂಡವಳು ಜಯಶೀಲಾ. ಇದು ಪ್ರಾಣಿಯ ಅಚ್ಚಲ್ಲ ಎಂದು ಕಂಡುಹಿಡಿದವಳೂ ಜಯಶೀಲಾ. ಅಂದು ಅವಳ ಜೊತೆ ಇನ್ಯಾರು ನೋಡಿದರು ಎಂದು ಕೇಳಿದಾಗ ನಾನು ಬಾಯಿ ಬಿಡಲಿಲ್ಲ. ಈಗ ಹೇಳುತ್ತಿದ್ದೇನೆ, ನಾನು ನೋಡಿದೆ.

ಅಷ್ಟು ಹೊತ್ತಿಗೆ ಅಪ್ಪ ಎದ್ದು ನಡುವಿನ ದಾರಿಯಲ್ಲಿ ನಡೆದು ಬರುತ್ತಿದ್ದರು. ಯಾರೂ ಕರೆದಿರಲಿಲ್ಲ. ಗಂಟು ಬಿಚ್ಚಿ ಕಲ್ಲನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟು, ಕೈಮುಗಿದು, ವಾಪಸು ಹೋಗಿ ಕುಳಿತರು.

ಅಧ್ಯಕ್ಷರು ವಯಸ್ಸಾದವರು. ಮಸೂರ ಹಾಕಿ ಬಹಳ ಹೊತ್ತು ನೋಡಿದರು. "ಇದು ಅನಿಲವೋ ನೀರೋ ಹೊರಬಂದ ಕೊಳವೆ" ಎಂದರು. ಮುಂದೆ ಕುಳಿತವರಿಗೆ ದಾಟಿಸಿದರು. ಕಲ್ಲು ಕೈಯಿಂದ ಕೈಗೆ ಹೋಗುತ್ತಿದ್ದಾಗ ಪ್ರೊಫೆಸರು ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದರು. ಪ್ರಬಂಧ ಹಿಂತೆಗೆದುಕೊಂಡದ್ದಾಗಿ ಸಭೆಯವರು ಬರೆದುಕೊಂಡರು. ನನಗೆ ಸಂತೋಷವಾಗಲಿಲ್ಲ. ಅಮೋನೈಟು ಕೈಯಲ್ಲಿ ಹಿಡಿಯುವುದನ್ನು ಕಲಿಸಿದವರು ಅವರೇ.

ಹೊರಗೆ ಅಧ್ಯಕ್ಷರು, "ಅರಿಯಲೂರಿನಲ್ಲಿ ಏನು ಮಾಡುತ್ತಿದ್ದೀರಿ?" ಎಂದು ಕೇಳಿದರು. ಮರಿಗಳ ವಿಷಯ ಹೇಳಿದೆ. "ಬರೆದು ಕಳಿಸಿ. ನಾನು ಒಪ್ಪುತ್ತೇನೆಂದು ಹೇಳುತ್ತಿಲ್ಲ. ಓದುತ್ತೇನೆ" ಎಂದರು. ಅಷ್ಟೇ. ಅದೇ ನನಗೆ ಸಾಕಾಗಿತ್ತು.

ನಾಲ್ಕು ದಿನಕ್ಕೆ ಇಲಾಖೆಯ ಕಾಗದ ಬಂತು. ನನ್ನ ಸೇವೆ ಇನ್ನು ಅಗತ್ಯವಿಲ್ಲವಂತೆ. ಊರಿನಲ್ಲಿ ಜನ ಕೇಳುತ್ತಿದ್ದಾರೆ. ಕೇಳಲಿ.

ರೈಲಿನಲ್ಲಿ ಅಪ್ಪ ಜೋಲಾರಪೇಟೆಯವರೆಗೂ ಕಿಟಕಿಯಾಚೆಯ ಬಂಡೆಗಳನ್ನು ನೋಡುತ್ತ ಕುಳಿತಿದ್ದರು. ಆಮೇಲೆ ಹೇಳಿದರು: "ನೀನೇನ್ ಅಂದೆ ಅಂತ ನಂಗ್ ತಿಳೀಲಿಲ್ಲ, ಎಲ್ಲ ಇಂಗ್ಲೀಷು. ಅವ್ರು ಕೂತ್ಕೊ ಅಂದ್ರಲ್ಲ, ಅದು ತಿಳೀತು. ನೀನು ಕೂರ್ಲಿಲ್ಲ, ಅದೂ ತಿಳೀತು."

ಜಯಾ, ಅಂದು ತರಗತಿಯಲ್ಲಿ ನಾನು ಸುಮ್ಮನಿದ್ದದ್ದು ತಪ್ಪು. ನನ್ನನ್ನು ಕ್ಷಮಿಸು.

ಮುನಿ


ಜಯನಗರ
೬ ಡಿಸೆಂಬರ್ ೧೯೬೧

ಮುನಿ,

ಮೊನ್ನೆ ಕಾಗದ ತಂದ ಅಂಚೆಯವನು ಗೇಟು ದಾಟುವ ಮುಂಚೆ ಓದಿ ಮುಗಿಸಿದೆ. ಕ್ಷಮೆ ಕೇಳುವ ಮಾತು ಇಬ್ಬರದೂ ಇದೆ. ನನ್ನದನ್ನು ಹೇಳಲು ಕಾಗದ ಸಾಲದು. ಭಾನುವಾರ ಊಟಕ್ಕೆ ಬಾ. ನೀನು ಒಳಗೆ, ನನ್ನ ಪಕ್ಕದಲ್ಲಿ ಕುಳಿತು ಉಣ್ಣುತ್ತೀ ಎಂದು ಅಮ್ಮನಿಗೆ ಹೇಳಿದೆ. ಅಮ್ಮ ಎರಡು ಹೊತ್ತು ನನ್ನೊಡನೆ ಮಾತು ಬಿಟ್ಟರು. ಇಂದು ಬೆಳಿಗ್ಗೆ, "ಅವ್ಳಿಗೆ ಹುಳಿ ಖಾರ ಇರ್ಬೇಕೋ ಸಪ್ಪೆ ಇರ್ಬೇಕೋ" ಎಂದು ಕೇಳಿದರು. ನಿನ್ನ ಅಪ್ಪನನ್ನೂ ಅಮ್ಮನನ್ನೂ ಕರೆದುಕೊಂಡು ಬಾ.

ನಿನ್ನ ಎಣಿಕೆಯ ನಕಲು ಭದ್ರವಾಗಿದೆ. ಎರಡು ಸಲ ಓದಿದ್ದೇನೆ. ಪ್ರಶ್ನೆಗಳ ಪಟ್ಟಿ ಉದ್ದವಿದೆ. ನೀನು ಬರೆ, ನಾನು ತಪ್ಪು ಹುಡುಕುತ್ತೇನೆ. ನಮ್ಮ ಶಾಲೆಯಲ್ಲಿ ಜೂನಿನಿಂದ ವಿಜ್ಞಾನಕ್ಕೆ ಇನ್ನೊಬ್ಬರು ಬೇಕು. ಅರ್ಜಿ ಹಾಕು. ಬಸವಲಿಂಗಮ್ಮನವರು ನಿನ್ನನ್ನು ಬಹಳ ಪ್ರಶ್ನೆ ಕೇಳುತ್ತಾರೆ, ಎದುರು ನಿಂತೇ ಉತ್ತರ ಹೇಳು.

ಇನ್ನೊಂದು ವಿಷಯ. ಕ್ರಿಸ್ಮಸ್ ರಜಕ್ಕೆ ಹತ್ತನೇ ತರಗತಿಯ ಹುಡುಗಿಯರನ್ನು ಕಲಾದಗಿಗೆ ಕರೆದುಕೊಂಡು ಹೋಗುತ್ತೇನೆಂದು ಕೇಳಿದೆ. ಶಾಲೆಯ ಕಡೆಯಿಂದ ಆಗದು ಎಂದರು. ಹೆಣ್ಣುಮಕ್ಕಳು, ಕಾಡು ಹಳ್ಳ, ಕಲ್ಲು ಒಡೆಯುವುದು. ಸರಿ, ಶಾಲೆಯ ಹೆಸರು ಬೇಡವೆಂದು ಮನೆಮನೆಗೆ ಹೋಗಿ ತಾಯಂದಿರನ್ನು ಕೇಳಿದೆ. ನಾಲ್ವರು ಒಪ್ಪಿದ್ದಾರೆ. ಬಾಗಲಕೋಟೆಯ ರೈಲಿಗೆ ಆರು ಜಾಗ ಹೇಳಿದ್ದೇನೆ. ಆರನೆಯದು ಯಾರಿಗೆಂದು ನಿನಗೆ ಗೊತ್ತು.

ನನ್ನ ಬಿಲ್ಲೆ ಪ್ರಾಣಿಯಲ್ಲ ಎಂದು ಗೊತ್ತಾಗಿದೆ. ಆ ಗುಡ್ಡದಲ್ಲಿ ಎಲ್ಲಿಯೂ ಪ್ರಾಣಿಯ ಗುರುತಿಲ್ಲ ಎಂದು ಇನ್ನೂ ಯಾರಿಗೂ ಗೊತ್ತಾಗಿಲ್ಲ, ಯಾಕೆಂದರೆ ಯಾರೂ ಹುಡುಕಿಲ್ಲ. ಏನೂ ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯೋಣ. ಸಿಕ್ಕರೆ ಮೊದಲು ಸೀಳಿ ನೋಡೋಣ, ಹೆಸರು ಆಮೇಲಿಡೋಣ.

ನಿನ್ನ
ಜಯಾ